ಬಿದಿರಿನ ಗಳ ಬಾಳಿಕೆ ಬರಬೇಕಾದರೆ

ಮಲೆನಾಡಿನಲ್ಲಿ ಚಪ್ಪರಕ್ಕೋ ಹೊರಜಗಲಿಯ ಮಾಡಿಗೋ ಕಬ್ಬಿಣದ ಪೈಪು ತರಿಸುವ ಮೊದಲು, ತಮ್ಮ ತೋಟದಂಚಿನ ಬಿದಿರು ಮೆಳೆಯನ್ನು ಒಮ್ಮೆ ನೋಡಬೇಕೆಂದು ಎಲ್ಲರಲ್ಲಿ ಕೋರುತ್ತೇನೆ. ಬಿದಿರು ಬಾಳುವುದಿಲ್ಲವೆಂಬ ದೂರಿಗೆ ಹೆಚ್ಚಿನ ಸಲ ನಮ್ಮ ಅವಸರವೇ ಕಾರಣ: ಎಳೆಯ ಗಳವನ್ನು ಕಡಿದು ಹಾಗೆಯೇ ಬಳಸಿದರೆ ಒಳಗಿನ ಪಿಷ್ಟಕ್ಕೆ ಕುಟ್ಟೆ ಹುಳು ಹಿಡಿದು, ಕೆಲವೇ ತಿಂಗಳಲ್ಲಿ ಜಗಲಿಯ ಮೇಲೆ ನುಣ್ಣನೆಯ ಹಳದಿ ಪುಡಿ ಉದುರತೊಡಗುತ್ತದೆ.

ಮಳೆಗಾಲ ಮುಗಿದ ಮೇಲೆ 3 ವರ್ಷ ದಾಟಿದ ಗಳಗಳನ್ನಷ್ಟೇ ಕಡಿದು, ಒಳಗಿನ ಗೆಣ್ಣುಗಳನ್ನು ಉದ್ದನೆಯ ಸರಳಿನಿಂದ ತೂತು ಮಾಡಿ, ಹುಳು ಹಿಡಿಯದಂತೆ ತಡೆಯುವ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರಿನಲ್ಲಿ ವಾರಕ್ಕೂ ಹೆಚ್ಚು ಕಾಲ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಬೇಕು. ಈ ಲವಣಗಳು ಮಳೆನೀರಿಗೆ ತೊಳೆದುಹೋಗುವುದರಿಂದ ಕಂಬವನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿ, ಎರಚಲು ತಾಗದಂತೆ ಮಾಡನ್ನು ಮುಂದಕ್ಕೆ ಚಾಚಬೇಕು. ಗಳ ಆರಿಸುವಾಗ ಬಿದಿರಿನ ಕೆಲಸ ಬಲ್ಲ ಊರಿನ ಮೇದಾರರನ್ನು ಕರೆದುಕೊಂಡು ಹೋಗಿ, ಅವರ ಕೆಲಸಕ್ಕೆ ತಕ್ಕ ಕೂಲಿಯನ್ನು ಕೊಡಿ.