ಹಪ್ಪಳ ಮೆತ್ತಗಾಗುವ ಗಾಳಿಯಲ್ಲಿ ಪಿಸಿಪಿ ರೈಫಲ್: ಮುಂಬೈ, ಪುಣೆ, ಗೋವಾದವರಿಗೆ

ಜೂನ್ ಎರಡನೇ ವಾರ ಬಂತೆಂದರೆ ಡೊಂಬಿವಲಿಯಲ್ಲಾಗಲಿ ವಾಸ್ಕೋದಲ್ಲಾಗಲಿ ಡಬ್ಬದ ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಸಾಕು, ಕರಿದ ಹಪ್ಪಳ ಸಂಜೆಯೊಳಗೆ ಮೆತ್ತಗಾಗುತ್ತದೆ. ಪಂಪ್ ಹಿಡಿದು ರೈಫಲ್ಲಿನ ಸಿಲಿಂಡರಿಗೆ ನಾವು ತುಂಬುವುದು ಇದೇ ಗಾಳಿಯನ್ನು. ಈ ಕಡೆಯ ಊರುಗಳಲ್ಲಿ ಪಿಸಿಪಿ ರೈಫಲ್ (ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಪೆಲೆಟ್ ಎಂಬ ಸೀಸದ ಪುಟ್ಟ ಗುಂಡು ಹಾರಿಸುವ ಏರ್ ರೈಫಲ್) ಕೆಡುವುದು ಹೆಚ್ಚಾಗಿ ಒಳಗೆ ಸೇರಿದ ನೀರಿನಿಂದ. ಹಾಗಾಗಿ ಗುರಿ ಹಿಡಿಯುವ ಮಾತಿಗಿಂತ ಮೊದಲು ಗಾಳಿಯ ಮಾತು.

ಅದಕ್ಕೂ ಮೊದಲು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಬಾಯಿಯಲ್ಲಿ 20 ಜೂಲ್ ಶಕ್ತಿ ಮೀರಿದ ಅಥವಾ 0.177 ಇಂಚಿಗಿಂತ, ಅಂದರೆ 4.5 ಮಿಲಿಮೀಟರಿಗಿಂತ, ದೊಡ್ಡ ಕ್ಯಾಲಿಬರಿನ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕು. 10 ಮೀಟರ್ ಸ್ಪರ್ಧೆಯ ರೈಫಲ್ಲುಗಳು 0.53 ಗ್ರಾಂ ಪೆಲೆಟ್ಟನ್ನು ಸೆಕೆಂಡಿಗೆ 170–175 ಮೀಟರ್ ವೇಗದಲ್ಲಿ ಬಿಡುತ್ತವೆ. ಲೆಕ್ಕ ಹಾಕಿದರೆ ಅದು ಸುಮಾರು 8 ಜೂಲ್, ಮಿತಿಗಿಂತ ಬಹಳ ಕಡಿಮೆ. ರೈಫಲ್ ಕೊಂಡ ಬಿಲ್ಲು, ಗುರುತಿನ ಚೀಟಿ, ಕ್ಲಬ್ಬಿನ ಸದಸ್ಯತ್ವದ ಕಾರ್ಡು ಯಾವಾಗಲೂ ಪೆಟ್ಟಿಗೆಯಲ್ಲೇ ಇರಲಿ. ಬಾಲ್ಕನಿಯ ಪಾರಿವಾಳ, ಬೀದಿ ನಾಯಿ, ಮಂಗ ಯಾವುದರ ಕಡೆಗೂ ನಳಿಗೆ ತಿರುಗಿಸಕೂಡದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇರುವುದು ಅದಕ್ಕೇ.

ಒಂದು ಗ್ರಾಂ ನೀರು

ಸಿಲಿಂಡರಿನಲ್ಲಿ 200 ಬಾರ್, ಅಂದರೆ ಹೊರಗಿನ ಗಾಳಿಯ ಸುಮಾರು 200 ಪಟ್ಟು ಒತ್ತಡದ, ಗಾಳಿ ಇರುತ್ತದೆ. ರೆಗ್ಯುಲೇಟರ್ ಅದನ್ನು ಇಳಿಸಿ, ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿಯನ್ನು ಸಣ್ಣ ಕೋಣೆಯೊಂದಕ್ಕೆ ಬಿಡುತ್ತದೆ. ಟ್ರಿಗರ್ ಎಳೆದಾಗ ಹ್ಯಾಮರ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಆ ಗಾಳಿ ಪೆಲೆಟ್ಟನ್ನು ತಳ್ಳುತ್ತದೆ. ಸ್ಪ್ರಿಂಗ್ ರೈಫಲ್ಲಿನ ಜೋರಾದ ಒದೆತ ಇಲ್ಲಿಲ್ಲ, ವೇಗವೂ ಹೊಡೆತದಿಂದ ಹೊಡೆತಕ್ಕೆ ಬದಲಾಗುವುದಿಲ್ಲ. ಆದರೆ ಇಡೀ ವ್ಯವಸ್ಥೆ ನಿಂತಿರುವುದು ಕೆಲವು ರಬ್ಬರ್ ಬಳೆಗಳ, ಅಂದರೆ ಓ-ರಿಂಗ್‌ಗಳ ಮೇಲೆ, ವಾಲ್ವ್ ಕೂತು ಮುಚ್ಚಿಕೊಳ್ಳುವ ಒಂದೆರಡು ನುಣುಪಾದ ಸೀಟುಗಳ ಮೇಲೆ.

ಮಳೆಗಾಲದಲ್ಲಿ 28 ಡಿಗ್ರಿ, ಶೇಕಡಾ 90 ತೇವ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. 0.2 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಲು ಇಂಥ 40 ಲೀಟರ್ ಗಾಳಿ ಬೇಕು. ಅದರೊಂದಿಗೆ ಬರುವ ನೀರು ಹತ್ತಿರ ಹತ್ತಿರ ಒಂದು ಗ್ರಾಂ. 0.2 ಲೀಟರ್ ಜಾಗದಲ್ಲಿ ಆವಿಯಾಗಿಯೇ ಉಳಿಯಬಲ್ಲದ್ದು ಕೆಲವೇ ಮಿಲಿಗ್ರಾಂ. ಮಿಕ್ಕದ್ದೆಲ್ಲ ಹನಿಯಾಗಲೇಬೇಕು. ಒಂದಿಷ್ಟು ಪಂಪಿನಲ್ಲೇ ನಿಲ್ಲುತ್ತದೆ, ಒಂದಿಷ್ಟು ಸಿಲಿಂಡರಿಗೆ ಇಳಿಯುತ್ತದೆ. ವಾರಕ್ಕೆರಡು ಸಲ ಹೀಗೆ ತುಂಬಿದರೆ ದೀಪಾವಳಿ ಹೊತ್ತಿಗೆ ಸ್ಟೀಲ್ ಸಿಲಿಂಡರಿನ ಒಳಗೆ ತುಕ್ಕಿನ ಪುಡಿ, ಅಲ್ಯೂಮಿನಿಯಮ್ಮಿನದಾದರೆ ಬಿಳಿ ಪುಡಿ. ಆ ಪುಡಿ ರೆಗ್ಯುಲೇಟರಿನ ಸೀಟಿನ ಮೇಲೆ ಕೂತರೆ ರೈಫಲ್ ದಾರಿ ತಪ್ಪಿತೆಂದೇ ಅರ್ಥ.

ಗಾಳಿ ಎಲ್ಲಿಂದ ತರುವುದು

ಕೈಪಂಪೇ ಗತಿ ಎನ್ನುವವರು ಎಸಿ ಇರುವ ಕೋಣೆಯಲ್ಲಿ ಪಂಪ್ ಮಾಡಿ. ಕಿಟಕಿ ಮುಚ್ಚಿ ಅರ್ಧ ಗಂಟೆ ಡ್ರೈ ಮೋಡಿನಲ್ಲಿ ಎಸಿ ಓಡಲಿ. 25 ಡಿಗ್ರಿ, ಶೇಕಡಾ 50 ತೇವಕ್ಕೆ ಬಂದ ಗಾಳಿಯಲ್ಲಿ ಹೊರಗಿನ ಗಾಳಿಯ ಅರ್ಧಕ್ಕಿಂತ ಕಡಿಮೆ ನೀರಿರುತ್ತದೆ. ಪಂಪಿನ ಗಾಳಿ ಎಳೆಯುವ ಬಾಯಿಗೆ ಸಿಲಿಕಾ ಜೆಲ್ ಡಬ್ಬಿ ಜೋಡಿಸಿ. ನೀಲಿ ಹರಳು ಗುಲಾಬಿಗೆ ತಿರುಗಿದ ಕೂಡಲೇ ಬದಲಿಸಬೇಕು. 50 ಸಲ ಒತ್ತಿದ ಮೇಲೆ ಬ್ಲೀಡ್ ಸ್ಕ್ರೂ (ಒಳಗೆ ಉಳಿದ ಗಾಳಿ ಹೊರಬಿಡುವ ತಿರುಪು) ಬಿಚ್ಚಿ, ಹತ್ತು ನಿಮಿಷ ಬಿಡಿ. ಈ ಬಿಡುವು ನಿಮ್ಮ ತೋಳಿಗಿಂತ ಪಂಪಿಗೇ ಹೆಚ್ಚು ಅಗತ್ಯ. ಬಿಸಿಯಾದ ಪಂಪಿನಲ್ಲಿ ನೀರು ಆವಿಯಾಗಿಯೇ ಉಳಿದು ಸೀದಾ ಸಿಲಿಂಡರಿಗೆ ನುಗ್ಗುತ್ತದೆ, ತಣ್ಣಗಿರುವ ಪಂಪಿನಲ್ಲಿ ಅಲ್ಲೇ ಹನಿಗಟ್ಟಿ ಬ್ಲೀಡ್ ಮಾಡುವಾಗ ಹೊರಗೆ ಬರುತ್ತದೆ. ಅಂಗೈಯನ್ನು ಒಂದು ಗೇಣು ದೂರ ಹಿಡಿದರೆ ಆ ತುಂತುರು ತಾಗುತ್ತದೆ. ಆದರೆ ಆ ಸ್ಕ್ರೂವಿನ ಬಾಯಿಗೆ ಬೆರಳು ಅಡ್ಡ ಹಿಡಿಯಬೇಡಿ.

ಇದಕ್ಕಿಂತ ಒಳ್ಳೆಯ ದಾರಿ ಡೈವಿಂಗ್ ಸಿಲಿಂಡರ್. ಉಸಿರಾಟದ ಗಾಳಿ ತುಂಬುವ ಕಂಪ್ರೆಸರಿನಲ್ಲಿ ತೇವ ಹೀರುವ ಫಿಲ್ಟರ್ ಇರುವುದರಿಂದ ಅದು ನಿಜಕ್ಕೂ ಒಣಗಿದ ಗಾಳಿ. ಗೋವಾದ ಡೈವಿಂಗ್ ಸೆಂಟರುಗಳು ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವುದಿಲ್ಲ, ಆದ್ದರಿಂದ ಮೇ ತಿಂಗಳೊಳಗೇ ತುಂಬಿಸಿಕೊಳ್ಳಿ. ಹೈಡ್ರೋ ಟೆಸ್ಟಿನ (ನೀರು ತುಂಬಿ ಒತ್ತಡ ಹಾಕಿ ಮಾಡುವ ಗಟ್ಟಿತನದ ಪರೀಕ್ಷೆಯ) ದಿನಾಂಕ ಮುಗಿದ ಸಿಲಿಂಡರನ್ನು ತುಂಬಲು ಯಾರನ್ನೂ ಒತ್ತಾಯಿಸಬೇಡಿ. 10 ಲೀಟರಿನ ಸಿಲಿಂಡರ್ 200 ಬಾರ್ ಇದ್ದು, ನಿಮ್ಮ 0.2 ಲೀಟರಿನದನ್ನು ಪ್ರತಿ ಸಲ 80 ಬಾರಿನಿಂದ ತುಂಬುತ್ತ ಹೋದರೆ, 20 ಸಲ ತುಂಬಿದ ಮೇಲೂ ದೊಡ್ಡದರಲ್ಲಿ 160 ಬಾರ್ ಉಳಿದಿರುತ್ತದೆ. ವಾರಕ್ಕೊಮ್ಮೆ ತುಂಬುವವರಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಒಂದೇ ಸಿಲಿಂಡರ್ ಧಾರಾಳ ಸಾಕು.

ಆಸ್ಪತ್ರೆಯದಾಗಲಿ ವೆಲ್ಡಿಂಗಿನದಾಗಲಿ ಆಕ್ಸಿಜನ್ ಎಂದೆಂದಿಗೂ ತುಂಬಬೇಡಿ. ಅಧಿಕ ಒತ್ತಡದ ಆಕ್ಸಿಜನ್ನಿಗೆ ಒಂದಿಷ್ಟು ಗ್ರೀಸ್ ತಾಗಿದರೂ ಸ್ಫೋಟವಾಗುತ್ತದೆ. ಇದೇ ಕಾರಣಕ್ಕೆ ಮಾಮೂಲಿ ಗಾಳಿಯೇ ಆದರೂ ಪಂಪಿಗೆ, ಓ-ರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಸವರಬಾರದು. ಶುದ್ಧ ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಉಗುರಿನ ತುದಿಯಷ್ಟು.

ತುಂಬುವ ಕ್ರಮ

ಮೊದಲು ರೈಫಲ್ ಸಿಲಿಂಡರಿನ ಮೇಲೆ ಕೊರೆದ ದಿನಾಂಕ ಓದಿ. ಹಲವು ಸ್ಪರ್ಧಾ ರೈಫಲ್ಲುಗಳ ಅಲ್ಯೂಮಿನಿಯಂ ಸಿಲಿಂಡರಿಗೆ ಆಯುಸ್ಸು ತಯಾರಾದಂದಿನಿಂದ 10 ವರ್ಷ. ಸಿಲಿಂಡರ್ ಅವಧಿಯೊಳಗಿದೆಯೇ ಎಂದು ನೋಡಿಕೊಳ್ಳುವ ಜವಾಬ್ದಾರಿಯನ್ನು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮವೂ ಸ್ಪರ್ಧಿಯ ಮೇಲೆಯೇ ಹೊರಿಸಿದೆ. ಹೊಳಪು ಚೆನ್ನಾಗಿದೆ ಎಂದು ಅಗ್ಗಕ್ಕೆ ಸಿಕ್ಕ ಹಳೆಯದನ್ನು ಕೊಳ್ಳಬೇಡಿ.

ರೈಫಲ್ ಸಿಲಿಂಡರನ್ನು ಅಡಾಪ್ಟರಿಗೆ (ಎರಡೂ ಸಿಲಿಂಡರುಗಳನ್ನು ಜೋಡಿಸುವ ತುಂಡಿಗೆ) ಕೈಯಲ್ಲೇ ಬಿಗಿ ಮಾಡಿ, ಬ್ಲೀಡ್ ಸ್ಕ್ರೂ ಮುಚ್ಚಿ. ದೊಡ್ಡ ಸಿಲಿಂಡರಿನ ವಾಲ್ವನ್ನು ಕೂದಲೆಳೆಯಷ್ಟು ತೆರೆಯಿರಿ. ಗೇಜಿನ (ಒತ್ತಡ ತೋರಿಸುವ ಮೀಟರಿನ) ಮುಳ್ಳು 200ಕ್ಕೆ ಏರಲು ಒಂದು ನಿಮಿಷವಾದರೂ ಹಿಡಿಯಬೇಕು. ಆತುರಪಟ್ಟರೆ ಗಾಳಿ ಬಿಸಿಯಾಗುತ್ತದೆ, 50 ಡಿಗ್ರಿಯಲ್ಲಿ ತೋರಿದ 200 ಬಾರ್ 30 ಡಿಗ್ರಿಗೆ ತಣಿದಾಗ 188 ಆಗಿರುತ್ತದೆ. ತುಂಬಿದ ಮೇಲೆ ದೊಡ್ಡ ವಾಲ್ವ್ ಮುಚ್ಚಿ, ಬ್ಲೀಡ್ ಸ್ಕ್ರೂ ತೆರೆದು, ಸದ್ದು ಪೂರ್ತಿ ನಿಂತ ಮೇಲೆ ತಿರುಗಿಸಿ ಬಿಡಿಸಿ. ಕೈಗೆ ಬರುತ್ತಿಲ್ಲ ಎಂದರೆ ಒಳಗೆ ಒತ್ತಡ ಉಳಿದಿದೆ. ಸ್ಪ್ಯಾನರ್ ಹಾಕುವ ಜಾಗ ಇದಲ್ಲ.

ಮೇ ತಿಂಗಳ ಪುಣೆಯಲ್ಲಿ ತುಂಬಿದ ಸಿಲಿಂಡರನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. 25 ಡಿಗ್ರಿಯ 200 ಬಾರ್ 60 ಡಿಗ್ರಿಯಲ್ಲಿ 223 ಆಗುತ್ತದೆ.

ಸೋರಿಕೆ

ರಾತ್ರಿ 200 ಇದ್ದದ್ದು ಬೆಳಿಗ್ಗೆ 196 ಆಗಿದ್ದರೆ ಗಾಬರಿ ಬೇಡ, 30 ಡಿಗ್ರಿಯಿಂದ 24ಕ್ಕೆ ಇಳಿದ ಚಳಿಗೆ ಅಷ್ಟು ಸರಿ. ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ 24 ಗಂಟೆ ಬಿಟ್ಟು ನೋಡಿ. ಆಗಲೂ ಇಳಿದಿದ್ದರೆ ಸಿಲಿಂಡರನ್ನು ರೈಫಲ್ಲಿನಿಂದ ಬಿಡಿಸಿ, ಒಂಟಿಯಾಗಿ ಮತ್ತೊಂದು ದಿನ ಇಡಿ. ಒಂಟಿಯಾಗಿದ್ದಾಗ ಸೋರಿದರೆ ಗೇಜಿನ ಸುತ್ತ ಇಲ್ಲವೇ ಅದರದೇ ವಾಲ್ವಿನಲ್ಲಿ ದೋಷ. ಸೋಪಿನ ನೊರೆ ಸವರಿದರೆ ಗುಳ್ಳೆ ಏಳುತ್ತದೆ. ಒಂಟಿಯಾಗಿದ್ದಾಗ ನಿಂತು, ಜೋಡಿಸಿದಾಗ ಮಾತ್ರ ಸೋರಿದರೆ ಮೊದಲ ಅನುಮಾನ ಜೋಡಣೆಯ ಓ-ರಿಂಗ್. ಅದನ್ನು ಬದಲಿಸಿದರೂ ನಿಲ್ಲದಿದ್ದರೆ, ಪೆಲೆಟ್ ಇಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು ನಳಿಗೆಯ ಬಾಯಿಗೆ ಬಲೂನ್ ಸಿಕ್ಕಿಸಿ. ಅದು ಮೆಲ್ಲಗೆ ಉಬ್ಬಿದರೆ ಹ್ಯಾಮರ್ ಬಡಿಯುವ ವಾಲ್ವಿನಲ್ಲೇ ಕಸ ಕೂತಿದೆ.

ರೆಗ್ಯುಲೇಟರ್ ತೊಂದರೆ ಬೇರೆ ಥರ. ಗೇಜ್ ಇಳಿಯುವುದಿಲ್ಲ. ಹತ್ತು ನಿಮಿಷ ಸುಮ್ಮನಿದ್ದ ರೈಫಲ್ಲಿನ ಮೊದಲ ಪೆಲೆಟ್ ಬೇರೆ ಕಡೆ ಬೀಳುತ್ತದೆ, ಎರಡನೆಯದರಿಂದ ಎಲ್ಲ ಸರಿ. ಸೀಟು ಪೂರ್ತಿ ಮುಚ್ಚದೆ ಕೋಣೆಯ ಒತ್ತಡ ನಿಧಾನಕ್ಕೆ ಏರುತ್ತಿರುವ ಲಕ್ಷಣ ಇದು. ಪೆಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಅಂಕಿ ಕಣ್ಣಿಗೇ ಕಾಣುತ್ತದೆ. ಇದನ್ನು ಮನೆಯಲ್ಲಿ ಬಿಚ್ಚಬೇಡಿ, ರೈಫಲ್ ರಿಪೇರಿ ಬಲ್ಲವರಿಗೇ ಕೊಡಿ.

ಮನೆಯಲ್ಲಿ ಇಡುವುದು

ಸಿಲಿಂಡರನ್ನು ಖಾಲಿ ಇಡಬೇಡಿ. ಒಳಗೆ 50–100 ಬಾರ್ ಇದ್ದರೆ ವಾಲ್ವ್ ಸೀಟಿಗೆ ಅಂಟಿಕೊಂಡಿರುತ್ತದೆ, ಹೊರಗಿನ ತೇವ ಒಳಬರುವುದಿಲ್ಲ. ವಿಮಾನಕ್ಕೆ ಮಾತ್ರ ಪೂರ್ತಿ ಖಾಲಿ ಮಾಡಿ, ರೈಫಲ್ಲಿನಿಂದ ಬಿಡಿಸಿ ಕೊಡಬೇಕು. ರೈಫಲ್ಲನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಮುಚ್ಚಿಡುವುದು ಕರಾವಳಿಯಲ್ಲಿ ದೊಡ್ಡ ತಪ್ಪು, ಸ್ಪಂಜು ತೇವ ಹೀರಿ ಲೋಹಕ್ಕೆ ಒತ್ತಿಕೊಂಡೇ ಇರುತ್ತದೆ. ಪೆಟ್ಟಿಗೆ ಸಾಗಿಸಲು ಮಾತ್ರ. ಮನೆಯಲ್ಲಿ ಬೀಗದ ಕಪಾಟು, ಅರ್ಧ ಕಿಲೋ ಸಿಲಿಕಾ ಜೆಲ್. ಹೊಡೆದು ಮುಗಿದಾಗಲೆಲ್ಲ ಎರಡು ಮೂರು ಒಣ ಫೆಲ್ಟ್ ಉಂಡೆಗಳನ್ನು ಹಿಂದಿನಿಂದ ಬಾಯಿಯ ಕಡೆಗೆ ಹಾಯಿಸಿ. ಕೈ ತಾಗಿದ ಲೋಹವನ್ನೆಲ್ಲ ಸಿಲಿಕೋನ್ ಬಟ್ಟೆಯಿಂದ ಒರೆಸಿ, ಮುಂಬೈಯ ಬೆವರಿನಲ್ಲಿ ಬೆರಳಚ್ಚು ಎರಡೇ ದಿನದಲ್ಲಿ ತುಕ್ಕಿನ ಕಲೆಯಾಗುತ್ತದೆ. ಸೀಸದ ಪೆಲೆಟ್ಟಿನ ಮೇಲೂ ಬಿಳಿ ಬೂದಿ ಕಟ್ಟುತ್ತದೆ. ಅಂಥವನ್ನು ಬಳಸಬೇಡಿ. ಪೆಲೆಟ್ ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ತಿಂಡಿ ಮುಟ್ಟಬೇಡಿ.

ಹೊಡೆಯುವುದು

ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ ರೇಂಜ್, ಪುಣೆಯ ಬಾಲೇವಾಡಿ ಕ್ರೀಡಾಸಂಕೀರ್ಣ, ಪನ್ವೇಲ್ ಕಡೆಯ ಕ್ಲಬ್ಬುಗಳು, ಇಂಥ ಕಡೆ ಕಲಿಯಿರಿ. ಫ್ಲ್ಯಾಟಿನ ಹಾಲಿನಲ್ಲಿ ಪೆಲೆಟ್ ಬೇಡ. ಅಲ್ಲಿ ಡ್ರೈ ಫೈರ್, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ, ಸಾಕು: 10 ಮೀಟರಿನ ಗುರಿಯ ಕಪ್ಪು ವೃತ್ತ 30.5 ಮಿಲಿಮೀಟರ್, ಆದ್ದರಿಂದ 5 ಮೀಟರ್ ದೂರದ ಗೋಡೆಗೆ ಅರ್ಧ ಅಳತೆಯ ಚುಕ್ಕೆ ಅಂಟಿಸಿ.

ರೇಂಜಿನಲ್ಲಿ ನಳಿಗೆ ಯಾವಾಗಲೂ ಗುರಿಯ ಕಡೆಗೆ, ಹೊಡೆಯದಿರುವಾಗ ಪೆಲೆಟ್ ಇಲ್ಲವೆಂದು ತೋರಿಸುವ ಸೇಫ್ಟಿ ಫ್ಲ್ಯಾಗ್ ನಳಿಗೆಯೊಳಗೆ. 4.49, 4.50, 4.51 ಮಿಲಿಮೀಟರ್ ತಲೆಯ ಚಪ್ಪಟೆ ಪೆಲೆಟ್ಟುಗಳನ್ನು ತಲಾ 10 ಹೊಡೆದು, ತೂತುಗಳು ಅತಿ ಹತ್ತಿರ ಬಿದ್ದ ಅಳತೆಯನ್ನೇ ಇಟ್ಟುಕೊಳ್ಳಿ. 10 ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಶೂಟರ್ ಸುಮಾ ಶಿರೂರು 2004ರ ಕೌಲಾಲಂಪುರ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ 400ಕ್ಕೆ 400 ತೆಗೆದದ್ದು ಇಂಥ ಗುರಿಗೇ. ಪೆಲೆಟ್ ಹತ್ತು ಮೀಟರ್ ದಾಟಲು ಸುಮಾರು 0.06 ಸೆಕೆಂಡ್ ಬೇಕು. ಟ್ರಿಗರ್ ಬಿದ್ದ ತಕ್ಷಣ ತಲೆ ಎತ್ತದೆ, ಮನಸ್ಸಿನಲ್ಲೇ ಎರಡು ಎಣಿಸುವವರೆಗೆ ಹಾಗೇ ನಿಲ್ಲಿ. ಹೊಡೆತ ಬಿಡುವಾಗ ನಳಿಗೆಯ ತುದಿಯ ಸೈಟಿನ (ಗುರಿ ನೋಡುವ ಸಾಧನದ) ರಿಂಗು ಗುರಿಯ ಮೇಲೆ ಎಲ್ಲಿತ್ತೆಂದು ಹೇಳಬಲ್ಲಿರಾದರೆ ತಪ್ಪು ನಿಮ್ಮದೋ ರೈಫಲ್ಲಿನದೋ ಗೊತ್ತಾಗುತ್ತದೆ. ಗೇಜ್ 80 ಬಾರಿಗೆ ಬಂದಾಗ ನಿಲ್ಲಿಸಿ ತುಂಬಿ. ರೆಗ್ಯುಲೇಟರಿನ ಮಟ್ಟಕ್ಕಿಂತ ಕೆಳಗೆ ಹೋದರೆ ವೇಗ ಇಳಿದು ಪೆಲೆಟ್ಟುಗಳು ಒಂದೊಂದಾಗಿ ಕೆಳಕ್ಕೆ ಜಾರುತ್ತವೆ, ಅದನ್ನು ಸೈಟು ತಿರುಗಿಸಿ ಸರಿಮಾಡಲು ಹೋಗಬೇಡಿ.