ಪಾಯಸಕ್ಕೆ ಬೆಲ್ಲ ಸಾಲದು ಅನ್ನಿಸಿದಾಗ

ಹಬ್ಬದ ದಿನ ಪಾಯಸ ಸಪ್ಪೆ ಅನ್ನಿಸಿದರೆ ತಕ್ಷಣ ಬೆಲ್ಲದ ಡಬ್ಬಿಗೆ ಕೈ ಹಾಕಬೇಡಿ. ಒಂದು ಗಂಟೆಯಿಂದ ಈಚೆಗೆ ಬಾಯಿಗೆ ಏನು ಹಾಕಿಕೊಂಡಿರಿ ಅಂತ ಮೊದಲು ನೆನಪು ಮಾಡಿಕೊಳ್ಳಿ. ನಾನು ಇದನ್ನು ಕಲಿತದ್ದು ಹದಿನೈದು ಜನ ನೆಂಟರ ಮುಂದೆ. ಹಿತ್ತಲ ಬೇಲಿಗೆ ಮಧುನಾಶಿನಿ ಬಳ್ಳಿ ಹಬ್ಬಿತ್ತು, ಸುಮ್ನೆ ಎರಡು ಎಲೆ ಕಿತ್ತು ಅಗಿಯುತ್ತಲೇ ಒಳಗೆ ಬಂದು ಕಡಲೆಬೇಳೆ ಪಾಯಸ ಒಂದು ಚಮಚ ನೋಡಿದೆ. ಸಪ್ಪೆ. ಒಂದು ಅಚ್ಚು ಬೆಲ್ಲ ಹಾಕಿದೆ. ಮತ್ತೆ ನೋಡಿದರೆ ಬೆಂದ ಬೇಳೆ, ಕಾಯಿಹಾಲಿನ ಜಿಡ್ಡು, ಏಲಕ್ಕಿ ಘಮ ಎಲ್ಲಾ ಇದೆ, ಸಿಹಿ ಮಾತ್ರ ಇಲ್ಲ, ಹಾಗಾಗಿ ಇನ್ನೊಂದು ಅಚ್ಚು. ಊಟಕ್ಕೆ ಕೂತವರು ಮೊದಲ ತುತ್ತಿಗೇ ನೀರಿನ ಲೋಟ ಹುಡುಕಿದರು.

ಆ ಎಲೆಯಲ್ಲಿ ಜಿಮ್ನೆಮಿಕ್ ಆಮ್ಲ ಅಂತ ಇದೆ. ಅದು ನಾಲಿಗೆಯ ಮೇಲೆ ಸಿಹಿ ಗುರುತಿಸುವ ಜಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಸಕ್ಕರೆ ಬಂದರೂ ಗೊತ್ತಾಗುವುದಿಲ್ಲ. ಅರ್ಧ ಗಂಟೆ, ಕೆಲವರಿಗೆ ಒಂದು ಗಂಟೆ ಹೀಗೇ ಇರುತ್ತದೆ. ಮೊಮ್ಮಕ್ಕಳಿಗೆ ತೋರಿಸಬೇಕಂದ್ರೆ ಒಂದು ಎಲೆಯನ್ನು ಚೆನ್ನಾಗಿ ಅಗಿಸಿ, ಉಗುಳಿಸಿ, ಆಮೇಲೆ ಚಿಟಿಕೆ ಸಕ್ಕರೆ ಕೊಡಿ. ಮರಳು ಕಡಿದ ಹಾಗೆ ಮುಖ ಮಾಡುತ್ತವೆ. ಇದನ್ನೇ ಸಕ್ಕರೆ ಕಾಯಿಲೆಗೆ ಮದ್ದು ಅಂತ ದಿನಾ ತಿನ್ನುವವರಿದ್ದಾರೆ. ಈಗಾಗಲೇ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ, ಸಕ್ಕರೆ ಅಂಶ ತೀರಾ ಇಳಿದು ತಲೆ ಸುತ್ತಿ ಬಿದ್ದರೆ ಕಷ್ಟ.

ಬೆಟ್ಟದ ನೆಲ್ಲಿಕಾಯಿ ಇದಕ್ಕೆ ತಿರುಗಾಮುರುಗಾ. ಕಚ್ಚಿದಾಗ ಹುಳಿ, ಒಗರು. ಮೇಲೆ ನೀರು ಕುಡಿದರೆ ಬಾವಿ ನೀರಿಗೆ ಬೆಲ್ಲ ಕದಡಿದಂತೆ ಸಿಹಿ. ನೀರು ಕುಡಿ ಅಂದರೆ ಓಡಿಹೋಗುವ ಮಕ್ಕಳಿಗೆ ಒಂದು ಹೋಳು ಕೊಟ್ಟು ನೋಡಿ, ಲೋಟ ಖಾಲಿ ಮಾಡುತ್ತವೆ. ಆದರೆ ನೆಲ್ಲಿಕಾಯಿ ತಿಂದ ಬಾಯಲ್ಲಿ ಸಾರಿನ ರುಚಿ ನೋಡಲು ಹೋಗಬೇಡಿ.

ಹಲ್ಲುಜ್ಜಿದ ಕೂಡಲೇ ಕಿತ್ತಳೆ ತಿಂದರೆ ಕಹಿ ಅಲ್ವಾ? ಹಣ್ಣಿನದೇನೂ ತಪ್ಪಿಲ್ಲ, ಪೇಸ್ಟಿಗೆ ನೊರೆ ಬರಲಿ ಅಂತ ಹಾಕುವ ವಸ್ತುವಿನ ಕೆಲಸ ಅದು. ಸ್ವಲ್ಪ ಹೊತ್ತು ಬಿಟ್ಟು ತಿನ್ನಿ. ಇನ್ನು ಮೈಸೂರುಪಾಕ್ ಕೊಟ್ಟು ಮೇಲೆ ಕಾಫಿ ಕೊಟ್ಟರೆ ಎಷ್ಟು ಸಕ್ಕರೆ ಹಾಕಿದ್ದರೂ ಬಂದವರಿಗೆ ಕಹಿಯೇ. ಮಧ್ಯೆ ನಾಲ್ಕು ಕಾಳು ಖಾರ ಬೂಂದಿ ಇಡುವುದು ಅದಕ್ಕೇ ಇರಬೇಕು.

ಈಗ ಮಿರಾಕಲ್ ಹಣ್ಣು ಅಂತ ನರ್ಸರಿಯಲ್ಲಿ ಗಿಡ ಮಾರುತ್ತಾರೆ. ಪಶ್ಚಿಮ ಆಫ್ರಿಕಾದ್ದು, ಅಲ್ಲಿಯವರು ಹುಳಿ ಊಟ, ಹುಳಿ ಹೆಂಡಕ್ಕೆ ಮುಂಚೆ ತಿನ್ನುತ್ತಿದ್ದರಂತೆ. ಆ ಕೆಂಪು ಹಣ್ಣು ಚೀಪಿದ ಮೇಲೆ ನಿಂಬೆಹಣ್ಣೂ ಶರಬತ್ತಿನ ಹಾಗೆ. ಖುಷಿಗೆ ಒಂದೆರಡು ಹೋಳು ಸಾಕು. ಸಿಹಿ ಅನ್ನಿಸಿದರೂ ಒಳಗೆ ಹೋಗುವುದು ಅದೇ ಹುಳಿ, ಜಾಸ್ತಿಯಾದರೆ ಹಲ್ಲು ಜುಮ್ಮೆನ್ನುತ್ತದೆ, ಹೊಟ್ಟೆ ಉರಿಯುತ್ತದೆ.

ನಾನೀಗ ಎಲೆ ಅಡಿಕೆ ಹಾಕಿಕೊಂಡಿದ್ದರೆ ಒಲೆ ಹತ್ತಿರ ಚಮಚ ಮುಟ್ಟುವುದಿಲ್ಲ. ಉಪ್ಪು, ಬೆಲ್ಲ ನೋಡುವ ಕೆಲಸ ಮೊಮ್ಮಗನದು. ಅವನು ಚಾಕೊಲೇಟ್ ತಿಂದಿದ್ದಾನೋ ಅಂತ ಮೊದಲು ಬಾಯಿ ಆ ಮಾಡಿಸಿ ನೋಡಿಕೊಳ್ಳುತ್ತೇನೆ.