ಅದೇ ನಾಟಕ, ಮತ್ತೊಂದು ಸಲ

ಬೆಂಗಳೂರಿನಲ್ಲಿ ನಾಟಕ ನೋಡುವ ಚಟ ಹತ್ತಿದವರಿಗೆ ವಾರದ ಕೊನೆ ಬಂತೆಂದರೆ ತಲೆನೋವು. ರವೀಂದ್ರ ಕಲಾಕ್ಷೇತ್ರದಲ್ಲಿ ಒಂದು, ಜೆ.ಪಿ. ನಗರದ ರಂಗಶಂಕರದಲ್ಲಿ ಇನ್ನೊಂದು, ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಮತ್ತೊಂದು. ಮಲ್ಲತ್ತಹಳ್ಳಿಯ ಕಲಾಗ್ರಾಮವಂತೂ ನಮ್ಮ ಮನೆಯಿಂದ ಊರಾಚೆ. ಎಲ್ಲವನ್ನೂ ನೋಡೋಕೆ ಯಾರಿಗೂ ಆಗಲ್ಲ.

ನಾನು ನಾಟಕದ ಹೆಸರು ನೋಡುವುದು ಆಮೇಲೆ. ತಂಡ ಯಾವುದು, ಸಂಗೀತ ಯಾರದು ಅನ್ನೋದನ್ನು ಮೊದಲು ವಿಚಾರಿಸುತ್ತೇನೆ. ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಅಲ್ಲೇ ಹಾಡುತ್ತಾರೆ ಅಂದರೆ ಹೊರಟೆ. ರೆಕಾರ್ಡ್ ಮಾಡಿದ ಹಾಡು ಹಾಕ್ತಾರೆ ಅಂದರೆ ಸ್ವಲ್ಪ ಯೋಚನೆ ಮಾಡುತ್ತೇನೆ. ಇದು ನನ್ನ ಹಟ ಅಂತ ಬೇಕಾದರೆ ಅನ್ನಿ. ಆದರೆ ಕನ್ನಡ ನಾಟಕಕ್ಕೆ ಹಳೆಯ ನಾಟಕ ಕಂಪನಿಗಳ ಕಾಲದಿಂದಲೂ ಹಾಡೇ ಜೀವ ಅಲ್ವಾ? 1972ರಲ್ಲಿ ನಿರ್ದೇಶಕ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ 'ಜೋಕುಮಾರಸ್ವಾಮಿ', 'ಸಂಕ್ರಾಂತಿ', 'ಈಡಿಪಸ್' ಆಡಿಸಿದರು. ಅದನ್ನು ನೋಡಿದ ಹಿರಿಯರು ಸಿಕ್ಕರೆ ಕಥೆ ಹೇಳುವುದಕ್ಕಿಂತ ಜಾಸ್ತಿ ಹಾಡುತ್ತಾರೆ. ಶ್ರೀರಂಗರ 'ಸತ್ತವರ ನೆರಳು' ನಾಟಕಕ್ಕೆ ದಾಸರ ಪದಗಳನ್ನು ಸೇರಿಸಿದ್ದೂ ಕಾರಂತರೇ. ಅವರು ಕಟ್ಟಿದ ಬೆನಕ ತಂಡದ ಪ್ರಯೋಗ ಇದೆ ಅಂದರೆ ನಾನು ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ.

ಇಷ್ಟವಾದ ನಾಟಕವನ್ನು ಇನ್ನೊಂದು ಸಲ ನೋಡಲೇಬೇಕು. ಮೊದಲ ಸಲ ಕಥೆ ಎಳೆದುಕೊಂಡು ಹೋಗಿಬಿಡುತ್ತದೆ, ಬೇರೇನೂ ಕಾಣಲ್ಲ. ಎರಡನೇ ಸಲ ಹಾಡುವವರು, ನುಡಿಸುವವರು ಕೂರುವ ಪಕ್ಕಕ್ಕೇ ಸೀಟು ಹಿಡಿಯುತ್ತೇನೆ. ಹಾರ್ಮೋನಿಯಂ ನುಡಿಸುವವರ ಕಣ್ಣು ಒತ್ತುವ ಕೀಗಳ ಮೇಲೆ ಇರುವುದೇ ಇಲ್ಲ, ನಟನ ಮೇಲೆ ಇರುತ್ತದೆ. ಜನ ನಕ್ಕು ನಿಲ್ಲಿಸದಿದ್ದರೆ ಶ್ರುತಿ ಹಿಡಿದುಕೊಂಡೇ ಕಾಯುತ್ತಾರೆ. ನಟ ಒಂದು ಮಾತು ನುಂಗಿದರೆ ಹಾಡು ಸರಕ್ಕನೆ ಮುಂಚೆಯೇ ಶುರು. ಸಭೆಯಲ್ಲಿ ಯಾರಿಗೂ ಗೊತ್ತಾಗಿರುವುದಿಲ್ಲ. ಹಾಡಿಲ್ಲದ ನಾಟಕದಲ್ಲೂ ಇದು ಉಂಟು. 1980ರಿಂದ ಆಡುತ್ತಾ ಬಂದಿರುವ 'ಮುಖ್ಯಮಂತ್ರಿ'ಯನ್ನೇ ನೋಡಿ. ಆ ವಾರದ ರಾಜಕೀಯ ಸುದ್ದಿ ಹೇಗಿದೆಯೋ ಹಾಗೆ ನಗು ಬೇರೆ ಬೇರೆ ಮಾತಿಗೆ ಬೀಳುತ್ತದೆ.

ಹೊಸಬರಿಗೆ ಒಂದೆರಡು ಮಾತು. ರಂಗಶಂಕರದಲ್ಲಿ ಟೈಮು ಅಂದರೆ ಟೈಮು, ಬಾಗಿಲು ಹಾಕಿದರೆ ಮುಗೀತು. ಸೋಮವಾರ ರಜೆ. ಬೇಗ ಹೋಗಿ ಅಲ್ಲೇ ಅಕ್ಕಿರೊಟ್ಟಿ ತಿನ್ನೋದು ಜಾಣತನ. ಕೆಲವು ಕಡೆ ಆರೂವರೆಗೆ ನಾಟಕ ಅಂತ ಹಾಕಿರುತ್ತಾರೆ, ಮೊದಲು ಭಾಷಣ, ಹಾರ, ಶಾಲು ಎಲ್ಲ ಆಗಬೇಕು. ಅಂಥ ಕಡೆಗೆ ಒಂದು ಪುಸ್ತಕ ಒಯ್ಯಿರಿ. ಹೆಗ್ಗೋಡಿನ ನೀನಾಸಂ ಸಂಸ್ಥೆಯ, ಊರೂರು ಸುತ್ತುವ 'ತಿರುಗಾಟ' ತಂಡ ಊರಿಗೆ ಬಂದಾಗ ಎರಡೂ ನಾಟಕ ನೋಡಿ. ಅದೇ ನಟರು ಎರಡರಲ್ಲೂ ಎಷ್ಟು ಬೇರೆಯಾಗಿ ಕಾಣುತ್ತಾರೆ ಅನ್ನೋದು ಆಗಲೇ ತಿಳಿಯೋದು.

ಒಪೆರಾ ನೋಡಬೇಕಾದರೆ ಯೂರೋಪಿಗೇ ಹೋಗಬೇಕು ಅನ್ನುವ ಗೆಳೆಯರಿದ್ದಾರೆ. ಮಳೆಗಾಲದ ಒಂದು ರಾತ್ರಿ ಕಲಾಕ್ಷೇತ್ರಕ್ಕೆ ಯಕ್ಷಗಾನ ನೋಡಲು ಬನ್ನಿ ಅಂತ ಕರೆಯುತ್ತೇನೆ. ಕರಾವಳಿಯಲ್ಲಿ ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ಮೇ ಕೊನೆಗೆ ಮುಗಿಯುತ್ತದೆ, ಮತ್ತೆ ಶುರುವಾಗೋದು ದೀಪಾವಳಿ ಹೊತ್ತಿಗೆ. ನಡುವಿನ ತಿಂಗಳುಗಳಲ್ಲಿ ಕಲಾವಿದರು ಬೆಂಗಳೂರಿಗೆ ಬರುತ್ತಾರೆ. ರಾತ್ರಿ ಹತ್ತರ ಸುಮಾರಿಗೆ ಚೆಂಡೆ ಬಿತ್ತೆಂದರೆ ಬೆಳಗಿನ ತನಕ ಆಟ. ಸಭೆ ಅಂದರೆ ಪೂರ್ತಿ ಕುಂದಾಪುರ, ಉಡುಪಿ, ಹೊನ್ನಾವರ. ಹೋಟೆಲಿನವರು, ಬ್ಯಾಂಕಿನವರು, ಐಟಿಯವರು ಎಲ್ಲ ಇರುತ್ತಾರೆ. ವೇಷಕ್ಕಿಂತ, ಪದ ಹಾಡುವ ಭಾಗವತರ ಹೆಸರು ನೋಡಿ ಟಿಕೆಟ್ ತಗೊಳ್ಳುವವರೇ ಬಹಳ. ಒಮ್ಮೆ ಪಕ್ಕದಲ್ಲಿ ಕೂತ ಹಿರಿಯರು ನನ್ನ ಕೈ ತಟ್ಟಿ, "ಮೊಬೈಲ್ ಒಳಗಿಡಿ ಮಾರಾಯ್ರೆ, ಪದ ಕೇಣಿ (ಕೇಳಿ)" ಅಂದಿದ್ದರು.

ಪ್ರಸಂಗದಲ್ಲಿ, ಅಂದರೆ ಆಟದ ಕೃತಿಯಲ್ಲಿ, ಹಾಡುವ ಪದ ಮಾತ್ರ ಬರೆದಿರುತ್ತದೆ. ಅರ್ಥ, ಅಂದರೆ ಆಡುವ ಮಾತು, ಕಲಾವಿದನದು, ಅಲ್ಲಲ್ಲೇ ಹುಟ್ಟಬೇಕು. ಕರ್ಣಪರ್ವದಲ್ಲಿ ಕರ್ಣನ ಸಾರಥಿ ಶಲ್ಯ ರಥ ಇಳಿದು ಹೋಗುವ ಜಾಗ ನನಗೆ ಬಹಳ ಇಷ್ಟ. ಗುರಿ ಬದಲಿಸು ಅಂತ ಹೇಳಿದ್ದನ್ನು ಕರ್ಣ ಕೇಳುವುದಿಲ್ಲ, ಇವನು ಇಳಿಯುತ್ತಾನೆ. ಒಂದು ವರ್ಷ ನೋಡಿದ ಶಲ್ಯ ಉರಿದು ಬಿದ್ದ. ಸಾರಥಿಯಾದ ರಾಜನ ಅವಮಾನವೆಲ್ಲ ಹೊರಗೆ ಬಂತು, ಸಭೆ ಶಿಳ್ಳೆ ಹೊಡೆಯಿತು. ಮುಂದಿನ ವರ್ಷ ಬೇರೆಯವರ ಶಲ್ಯ. ಮಾತು ಕಮ್ಮಿ. ಇಳಿದ ಮೇಲೆ ಎರಡು ಹೆಜ್ಜೆ ಹೋಗಿ ತಿರುಗಿದ, ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಭಾಗವತರು ಅದನ್ನು ಕಂಡು ಪದದ ಕೊನೆಯ ಸಾಲನ್ನೇ ಮತ್ತೆ ಎತ್ತಿದರು, ಮೆಲ್ಲಗೆ. ಚೆಂಡೆಯವರು ಕೈ ತಡೆದರು, ಮದ್ದಳೆ ಮಾತ್ರ ನುಡಿಯಿತು. ಮೊದಲೇ ಮಾತಾಡಿಕೊಂಡು ಮಾಡಿದ್ದಲ್ಲ ಅಂತ ನನ್ನ ಅಂದಾಜು. ಎರಡರಲ್ಲಿ ಯಾವುದು ಹೆಚ್ಚು ಅಂತ ಗೆಳೆಯರ ಜತೆ ಇವತ್ತಿಗೂ ಜಗಳ. ನನ್ನ ಓಟು ಎರಡನೆಯದಕ್ಕೆ.

ಹೊಸಬರು ಮಧ್ಯಾಹ್ನ ಒಂದು ನಿದ್ದೆ ತೆಗೆದು ಬರಬೇಕು. ಮಧ್ಯೆ ಹೊರಗೆ ಬಂದು ಚಹಾ ಕುಡಿಯೋದು ತಪ್ಪೇನಲ್ಲ, ಎಲ್ಲರೂ ಬರುತ್ತಾರೆ. ಒಂದು ಅನುಕೂಲ ಏನಂದರೆ, ನಾಟಕ ಬಿಟ್ಟ ರಾತ್ರಿ ಆಟೋದವರ ಜತೆ ಮಾಡುವ ಚೌಕಾಸಿ ಇಲ್ಲಿ ತಪ್ಪುತ್ತದೆ. ಬೆಳಗ್ಗೆ ಮಂಗಳ ಹಾಡಿ ಆಟ ಮುಗಿಯುವಾಗ ಟೌನ್‌ಹಾಲ್ ಕಡೆ ಬಸ್ಸು ಓಡಾಡುತ್ತಿರುತ್ತವೆ. ಹತ್ತಿದ ಕೂಡಲೇ ಇಳಿಯುವ ಸ್ಟಾಪನ್ನು ಕಂಡಕ್ಟರಿಗೆ ಹೇಳಿಡಿ, ನಿದ್ದೆ ಬಂದೇ ಬರುತ್ತದೆ.